ಕೋವಿಡ್ ವರದಿಗಳಿಂದ ಸರ್ಕಾರಗಳನ್ನು ಅಳೆಯಬಹುದೇ?

ಪ್ರಶ್ನೆ: ಮೇಡಂ, ಪತ್ರಿಕೋದ್ಯಮ ಎಂ.ಎ. ಪ್ರಬಂಧಕ್ಕೆ ಬ್ರಿಟನ್, ಸ್ವೀಡನ್, ನ್ಯೂಜಿಲೆಂಡ್ ಪತ್ರಿಕೆಗಳ 2020ರ ಕೋವಿಡ್ ವರದಿಗಳನ್ನು ಹೋಲಿಸುತ್ತಿದ್ದೇನೆ. ಯಾವ ಸರ್ಕಾರ ಚೆನ್ನಾಗಿ ನಿಭಾಯಿಸಿತು ಎಂದು ಇವುಗಳಿಂದಲೇ ಹೇಳಬಹುದೇ? ಎಷ್ಟು ದಿನದ ಪತ್ರಿಕೆ ಬೇಕು?

ಉತ್ತರ: ದಯವಿಟ್ಟು ಆ ತೀರ್ಮಾನಕ್ಕೆ ಹೋಗಬೇಡಿ. ಸರ್ಕಾರ ಮಾಡಿದ ಕೆಲಸಕ್ಕಿಂತ ಅದು ಮಾಹಿತಿ ಕೊಟ್ಟ ರೀತಿಯೇ ವರದಿಯಲ್ಲಿ ಮೊದಲು ಕಾಣುತ್ತದೆ. ಸ್ವೀಡನ್‌ನಲ್ಲಿ ಸುದ್ದಿಗೋಷ್ಠಿಯ ಮುಖ ಸಾಂಕ್ರಾಮಿಕ ರೋಗತಜ್ಞ ಆಂಡರ್ಸ್ ಟೆಗ್ನೆಲ್; ಬ್ರಿಟನ್‌ನಲ್ಲಿ ಮಂತ್ರಿಗಳು, ಪಕ್ಕದಲ್ಲಿ ವಿಜ್ಞಾನಿಗಳು. ಹಾಗಾಗಿ ಸ್ವೀಡಿಷ್ ಪತ್ರಿಕೆಗಳಲ್ಲಿ ತಜ್ಞರ ಮಾತು ಹೆಚ್ಚು ಸಿಕ್ಕರೆ ಅದು ಸಂಪಾದಕರ ಒಲವೇ ಆಗಿರಬೇಕಿಲ್ಲ, ಮೈಕ್ ಯಾರ ಕೈಯಲ್ಲಿತ್ತು ಎಂಬುದೂ ಕಾರಣ.

ಅಂಕಿಗಳ ಕಥೆ ಇನ್ನೂ ತೊಡಕಿನದು. ಪಾಸಿಟಿವ್ ಬಂದ 28 ದಿನದೊಳಗಿನ ಸಾವನ್ನಷ್ಟೇ ಲೆಕ್ಕಕ್ಕೆ ಹಿಡಿಯಲು ಬ್ರಿಟನ್ 2020ರ ಆಗಸ್ಟ್ 12ರಂದು ನಿರ್ಧರಿಸಿದಾಗ ಒಟ್ಟು ಸಂಖ್ಯೆ ಒಮ್ಮೆಲೇ 5,000ಕ್ಕೂ ಹೆಚ್ಚು ಇಳಿಯಿತು. ಸ್ವೀಡನ್ ಸಾವುಗಳನ್ನು ಸತ್ತ ದಿನಕ್ಕೇ ಸೇರಿಸುತ್ತಿತ್ತು, ವರದಿ ತಡವಾಗಿ ಬರುತ್ತಿದ್ದುದರಿಂದ ನಕ್ಷೆಯ ಕೊನೆಯ ದಿನಗಳು ಯಾವಾಗಲೂ ಇಳಿಮುಖವಾಗಿಯೇ ಕಾಣುತ್ತಿದ್ದವು. ಪ್ರತಿ ವರದಿಯ ಪಕ್ಕದಲ್ಲಿ ಆ ದಿನದ ಎಣಿಕೆಯ ನಿಯಮ ಬರೆದಿಡಿ.

ಮಾದರಿಗೆ ‘ಕಟ್ಟಿದ ವಾರ’ ಮಾಡಿ: ಇಡೀ ವರ್ಷದ ಸೋಮವಾರಗಳಿಂದ ಚೀಟಿ ಎತ್ತಿ ಒಂದು, ಮಂಗಳವಾರಗಳಿಂದ ಒಂದು, ಹೀಗೆ ಭಾನುವಾರದವರೆಗೆ. ವರ್ಷಕ್ಕೆ ಎರಡು ವಾರ ಸಾಕೆನ್ನುವ ವಾಡಿಕೆಯಿದೆ. ಏರಿಳಿತ ಇಷ್ಟಿದ್ದ ವರ್ಷಕ್ಕೆ ನಾನು ನಾಲ್ಕು ಕೇಳುತ್ತೇನೆ. ರಾಯಿಟರ್ಸ್, ಎಎಫ್‌ಪಿಯಂಥ ಸುದ್ದಿಸಂಸ್ಥೆಗಳು ಹಲವು ಪತ್ರಿಕೆಗಳಿಗೆ ಕೊಡುವ ಸುದ್ದಿಗಳನ್ನು ಬೇರೆ ಗುರುತಿಸಿ. ಇಲ್ಲದಿದ್ದರೆ ಒಂದೇ ಬರಹ ಮೂರು ದೇಶಗಳ ಅಭಿಪ್ರಾಯವಾಗಿ ಎಣಿಕೆಯಾಗುತ್ತದೆ.

ಮರುಪ್ರಶ್ನೆ: ‘ಟೀಕೆ’ ಎಂದು ಯಾವುದನ್ನು ಗುರುತಿಸಲಿ? ನಾನೂ ನನ್ನ ಗೆಳತಿಯೂ ಬೇರೆಬೇರೆ ಹೇಳುತ್ತಿದ್ದೇವೆ.

ಉತ್ತರ: ‘ಟೀಕೆ’ ಅನ್ನುವ ಒಂದೇ ಕಾಲಂ ಇಟ್ಟರೆ ಹಾಗಾಗುವುದು ಸಹಜ. ವರದಿಗಾರರ ಮಾತು, ವಿರೋಧಪಕ್ಷದ ಉಲ್ಲೇಖ, ತಜ್ಞರ ಆಕ್ಷೇಪ ಮೂರನ್ನೂ ಬೇರೆ ಮಾಡಿ, ಶೇ 10ರಷ್ಟು ವರದಿಗಳನ್ನು ಇಬ್ಬರೂ ಒಬ್ಬರದನ್ನೊಬ್ಬರು ನೋಡದೆ ಗುರುತಿಸಿ. ಇಬ್ಬರ ಗುರುತುಗಳು ಎಷ್ಟು ಹೊಂದುತ್ತವೆ ಎಂದು ಅಳೆಯುವ ಕ್ರಿಪೆಂಡಾರ್ಫ್ ಆಲ್ಫಾ 0.8 ಮುಟ್ಟದಿದ್ದರೆ ವ್ಯಾಖ್ಯೆ ತಿದ್ದಿ, ಹೊಸ ವರದಿಗಳ ಮೇಲೆ ಮತ್ತೆ ಪರೀಕ್ಷಿಸಿ.

ಶೀರ್ಷಿಕೆ ನೋಡಿ ಗುರುತು ಹಾಕಬೇಡಿ. ಏಪ್ರಿಲ್ 30ರಂದು 1,22,347 ಪರೀಕ್ಷೆ ನಡೆಯಿತು, ದಿನಕ್ಕೆ ಒಂದು ಲಕ್ಷದ ಗುರಿ ಮುಟ್ಟಿದೆವು ಎಂದು ಬ್ರಿಟನ್ ಹೇಳಿತು. ಅದರಲ್ಲಿ ಸುಮಾರು 40,000 ಬರೀ ಕಳಿಸಿಕೊಟ್ಟ ಕಿಟ್‌ಗಳು, ಫಲಿತಾಂಶ ಬಂದವಲ್ಲ. ಈ ಮಾತು ಶೀರ್ಷಿಕೆಯಲ್ಲಿತ್ತೇ, ಎರಡನೇ ಪ್ಯಾರಾದಲ್ಲೇ, ಹನ್ನೆರಡನೆಯದರಲ್ಲೇ, ಬರಲೇ ಇಲ್ಲವೇ? ಪ್ಯಾರಾ ಸಂಖ್ಯೆಗೇ ಒಂದು ಕಾಲಂ ಇಡಿ.