ಮೆಕ್ಕೆಜೋಳ ಕೆಡಿಸಿ ಹುರುಳಿ ಬಿತ್ತುವ ಮೊದಲು

ರವಿ, ಮಳೆ ಕೈಕೊಟ್ಟು ಗುಡ್ಡದ ಕೆಳಗಿನ ಹೊಲದ ಮೆಕ್ಕೆಜೋಳ ಒಣಗಿದೆ, ಕಳೆ ಸಾಯಿಸುವ ಔಷಧ ಅಟ್ರಾಜಿನ್ ಹೊಡೆದು ಇನ್ನೂ ಎರಡು ತಿಂಗಳಾಗಿಲ್ಲ, ಕೆಡಿಸಿ ಹುರುಳಿ ಬಿತ್ತಿದರೆ ಬಂದೀತೇ ಎಂದು ನೀನು ಬೆಳಿಗ್ಗೆ ಕೇಳಿದ್ದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಆ ಮಸಾರಿ, ಅಂದರೆ ಕೆಂಪು ಹಗುರ ಮಣ್ಣಿನ ಹೊಲಕ್ಕೆ ಅವಸರಪಟ್ಟು ಕಾಳು ಬಿತ್ತಬೇಡಪ್ಪ.

ನಿಮ್ಮ ದೊಡ್ಡಪ್ಪ ಇದ್ದಾಗ ಅದೇ ಹೊಲದಲ್ಲಿ ಹೀಗೆಯೇ ಮಾಡಿ ಕೈ ಸುಟ್ಟುಕೊಂಡಿದ್ದೇವೆ. ಕೆರೆ ಹಿಂದಿನ ಕಪ್ಪು ಎರೆ ಮಣ್ಣಿನ ಹೊಲಕ್ಕೆ ಹೊಡೆದಷ್ಟೇ, ಎಕರೆಗೆ 800 ಗ್ರಾಂ ಅಟ್ರಾಜಿನ್ ಪುಡಿಯನ್ನು, ಮಸಾರಿಗೂ ಹೊಡೆಸಿದ್ದರು. ಮೆಕ್ಕೆಜೋಳ ಬಾಡಿದ ಮೇಲೆ ಕುಂಟೆ ಹೊಡೆದು ಅಲಸಂದೆ ಬಿತ್ತಿದೆವು. ಸಾಲು ತಪ್ಪದೆ ಹುಟ್ಟಿತು. ಆ ಔಷಧ ಬೀಜ ಮೊಳೆಯುವುದನ್ನು ತಡೆಯುವುದಿಲ್ಲ. ಎಲೆಯು ಬಿಸಿಲಿನಲ್ಲಿ ಆಹಾರ ತಯಾರಿಸುವುದನ್ನು ತಡೆಯುತ್ತದೆ, ಆದ್ದರಿಂದ ಬೀಜದೊಳಗಿನ ಸತ್ವ ತೀರುವವರೆಗೆ ಸಸಿ ಹಸಿರಾಗಿಯೇ ಇರುತ್ತದೆ. ಆಮೇಲೆ ಕೆಳಗಿನ ಎಲೆಗಳ ಅಂಚು ಹಳದಿಯಾಯಿತು, ಕಂದಿತು, ಕೆಂಡ ತಾಗಿದ ಕಾಗದದಂತೆ ಅಂಚಿನಿಂದ ಒಳಕ್ಕೆ ಸುಟ್ಟುಕೊಂಡು ಬಂತು. ಹಸಿರಾಗಿ ಉಳಿದದ್ದು ಹಳೆಯ ತಿಪ್ಪೆಯಿದ್ದ ಮೂಲೆ ಮಾತ್ರ, ಎರಡು ಚಾಪೆ ಹಾಸುವಷ್ಟು ಜಾಗ.

ಆ ಮೂಲೆಯಲ್ಲಿ ನಾನು ಎಷ್ಟೋ ಹೊತ್ತು ಕುಳಿತಿದ್ದೆ. ಕೊಳೆತು ಕಪ್ಪಾದ ಗೊಬ್ಬರದಂಶವು ಔಷಧವನ್ನು ತನಗೆ ಅಂಟಿಸಿಕೊಂಡು ಬೇರಿಗೆ ಸಿಗದಂತೆ ಹಿಡಿದಿಡುತ್ತದೆ, ಅಲ್ಲಿ ತುಂಬಿರುವ ಸೂಕ್ಷ್ಮಜೀವಿಗಳು ಅದನ್ನು ಒಡೆದು ಹಾಕುತ್ತವೆ. ಎರೆ ಮಣ್ಣಿನಲ್ಲಿ ಜೇಡಿಯೂ ಒಂದಷ್ಟು ಹಿಡಿಯುತ್ತದೆ. ಸಾವಯವ ಇಂಗಾಲ, ಅಂದರೆ ಆ ಕೊಳೆತ ಗೊಬ್ಬರದಂಶದ ಅಳತೆ, ಶೇಕಡಾ 0.5 ಕೂಡ ಇಲ್ಲದ ನಮ್ಮ ಮಸಾರಿಯಲ್ಲಿ ಹಿಡಿದಿಡುವುದಕ್ಕೆ ಏನೂ ಇಲ್ಲ, ಹೊಡೆದದ್ದರಲ್ಲಿ ಹೆಚ್ಚಿನ ಪಾಲು ಬೇರಿಗೇ ಸಿಗುತ್ತದೆ. ಮಳೆಯಿಲ್ಲದೆ ಮಣ್ಣು ಒಣಗಿದರೆ ಆ ಜೀವಿಗಳ ಕೆಲಸವೂ ನಿಂತು ಔಷಧ ಹಾಗೆಯೇ ಉಳಿಯುತ್ತದೆ. ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಅವಸರಪಟ್ಟು ಕಾಳು ಬಿತ್ತಬೇಡ.

ಔಷಧ ಕೊಟ್ಟ ಅಂಗಡಿಯವರು ಮಣ್ಣು ಯಾವುದೆಂದು ಒಂದು ಮಾತೂ ಕೇಳಿರಲಿಲ್ಲ. ಅದಕ್ಕಿಂತ ನನಗೆ ನೋವಾಗುವುದು ನಮ್ಮ ಮನೆಯದೇ. ಹಿಸ್ಸೆಯಾದ ವರ್ಷ ನಾನು ಬೇಡವೆಂದರೂ ಎತ್ತುಗಳನ್ನು ಮಾರಿದಿರಿ; ಉಳಿದ ಎರಡು ಎಮ್ಮೆಯ ಗೊಬ್ಬರವನ್ನೂ ಟ್ರ್ಯಾಕ್ಟರ್ ಲೆಕ್ಕದಲ್ಲಿ ಚನ್ನಗಿರಿ ಕಡೆಯ ಅಡಿಕೆ ತೋಟಗಳಿಗೆ ಕೊಡುತ್ತೀರಿ, ಮೆಕ್ಕೆಜೋಳದ ದಂಟಿಗೆ ಬೆಂಕಿ ಹಚ್ಚುತ್ತೀರಿ. ಆ ಹೊಲದ ಹೊಟ್ಟೆಗೆ ಏನು ಹೋಗಬೇಕು?

ಮುಖ್ಯವಾದದ್ದನ್ನೇ ಹೇಳಲಿಲ್ಲ ನೋಡು. ನಾಳೆಯೇ ಹೊಲದ ಐದಾರು ಕಡೆ ನಾಲ್ಕು ಬೆರಳು ಆಳದ ಮಣ್ಣು ತೆಗೆದು ಬೆರೆಸಿ ಎರಡು ಡಬ್ಬಿಗೆ ತುಂಬು. ಔಷಧ ಬೀಳದ ಬದುವಿನ ಮಣ್ಣನ್ನು ಇನ್ನೆರಡಕ್ಕೆ ತುಂಬು. ನಾಲ್ಕಕ್ಕೂ ಹುರುಳಿ, ಸೌತೆ ಬೀಜ ಊರಿ, ಬಿಸಿಲಿನಲ್ಲಿಟ್ಟು, ಮೂರು ವಾರ ನೀರು ಕೊಟ್ಟು ಎಲೆಯಂಚು ನೋಡು. ಹುಟ್ಟಿತೆಂದು ನಾಲ್ಕನೆಯ ದಿನಕ್ಕೇ ನಂಬಬೇಡ. ಅಷ್ಟು ದಿನ ಕಾಯಲಾಗದಿದ್ದರೆ ಮೇವಿಗೆ ಜೋಳ ಬಿತ್ತು, ಅದು ಅಟ್ರಾಜಿನ್ ತಾಳಿಕೊಳ್ಳುತ್ತದೆ.