ಸ್ಕ್ಲೆರೋಡರ್ಮಾ: ಬೆರಳ ತುದಿ ಕಪ್ಪಾಗುತ್ತಿದ್ದರೆ ಸ್ಟೀರಾಯ್ಡ್ ಹೆಚ್ಚಿಸಬೇಕೆ?

ಪ್ರಶ್ನೆ:
ಮೂಡಿಗೆರೆಯ ಕಡೆ ವಾಸವಾಗಿರುವ ನನ್ನ ತಾಯಿಗೆ 54 ವರ್ಷ. ನಾಲ್ಕು ವರ್ಷಗಳಿಂದ ಸ್ಕ್ಲೆರೋಡರ್ಮಾ (ಚರ್ಮ ಗಟ್ಟಿಯಾಗಿ ರಕ್ತನಾಳಗಳೂ ಕೆಡುವ ಕಾಯಿಲೆ) ಇದೆ. ತಣ್ಣೀರು ಮುಟ್ಟಿದರೆ ಬೆರಳುಗಳು ಬಿಳಿಚಿಕೊಂಡು ನೀಲಿಗಟ್ಟುವುದು ಮೊದಲಿನಿಂದಲೂ ಇತ್ತು. ಈಗ ತೋರುಬೆರಳಿನ ತುದಿಯಲ್ಲಿ ಹುಣ್ಣಾಗಿ, ಎರಡು ದಿನಗಳಿಂದ ಅದರ ಅಂಚು ಕಪ್ಪಾಗುತ್ತಿದೆ. ಒಬ್ಬ ವೈದ್ಯರು ಇದನ್ನು ವ್ಯಾಸ್ಕುಲೈಟಿಸ್ (ರಕ್ತನಾಳಗಳ ಉರಿಯೂತ) ಎಂದು ತಿಳಿದು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು 5ರಿಂದ 40 ಮಿ.ಗ್ರಾಂ.ಗೆ ಏರಿಸಲು ಹೇಳಿದ್ದಾರೆ, ಇನ್ನೊಬ್ಬರು ಬೇಡವೆನ್ನುತ್ತಾರೆ. ಯಾವ ಪರೀಕ್ಷೆಯಿಂದ ಇದು ತೀರ್ಮಾನವಾಗುತ್ತದೆ?

ಉತ್ತರ 1 (ರುಮಟಾಲಜಿ, ಅಂದರೆ ಕೀಲು ಮತ್ತು ಇಂಥ ಕಾಯಿಲೆಗಳ ವೈದ್ಯ):
ಇಲ್ಲಿ ಚರ್ಚೆ ಮುಗಿಯುವವರೆಗೆ ಕಾಯಬೇಡಿ. ತಾಯಿಯವರನ್ನು ಇಂದೇ ರುಮಟಾಲಜಿ ವಿಭಾಗವಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಸ್ಕ್ಲೆರೋಡರ್ಮಾದಲ್ಲಿ ಸಣ್ಣ ಅಪಧಮನಿಗಳ ಒಳಪದರ ದಪ್ಪವಾಗಿ ರಕ್ತದ ದಾರಿ ಕಿರಿದಾಗಿರುತ್ತದೆ. ಅದರ ಮೇಲೆ ಚಳಿಗೆ ನಾಳ ಸೆಟೆದುಕೊಂಡರೆ ತುದಿಗೆ ರಕ್ತವೇ ತಲುಪುವುದಿಲ್ಲ. ಉರಿಯೂತ ಇಲ್ಲಿ ಮುಖ್ಯ ಕಾರಣವಲ್ಲವಾದ್ದರಿಂದ ಸ್ಟೀರಾಯ್ಡ್ ಕೊಟ್ಟರೆ ನಾಳ ತೆರೆದುಕೊಳ್ಳುವುದಿಲ್ಲ. ಅಷ್ಟೇ ಅಲ್ಲದೆ, ದಿನಕ್ಕೆ 15 ಮಿ.ಗ್ರಾಂ. ಮೀರಿದ ಪ್ರೆಡ್ನಿಸೊಲೋನ್ ಈ ಕಾಯಿಲೆಯಲ್ಲಿ ರಕ್ತದೊತ್ತಡ ಒಮ್ಮೆಲೇ ಏರಿ ಮೂತ್ರಪಿಂಡ ಕೆಡುವ ಅಪಾಯವನ್ನು ಹೆಚ್ಚಿಸುತ್ತದೆ. ಹಾಗೆಂದು ಈಗಿನ 5 ಮಿ.ಗ್ರಾಂ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಎಲ್ಲವನ್ನೂ ತೀರ್ಮಾನಿಸುವ ಒಂದೇ ಪರೀಕ್ಷೆ ಇಲ್ಲ. ಕಾಲಿನ ಮೇಲೆ ಕೆನ್ನೇರಳೆ ಚುಕ್ಕೆ, ಕೈಕಾಲಿನ ನರದೌರ್ಬಲ್ಯ, ಮೂತ್ರದಲ್ಲಿ ರಕ್ತ ಇವುಗಳಿದ್ದರೆ ವ್ಯಾಸ್ಕುಲೈಟಿಸ್‌ನ ಸಂಶಯ ಬಲವಾಗುತ್ತದೆ. ಆಗ ಅದನ್ನು ಪತ್ತೆಹಚ್ಚಲು ನೆರವಾಗುವ ಆಂಕಾ ಮತ್ತು ಕ್ರಯೋಗ್ಲಾಬ್ಯುಲಿನ್ ರಕ್ತಪರೀಕ್ಷೆಗಳನ್ನು ನೋಡಬೇಕು. ರಕ್ತ ಹೆಪ್ಪುಗಟ್ಟಿಸುವ ಪ್ರತಿಕಾಯಗಳನ್ನು ಹುಡುಕುವ ಆಂಟಿಫಾಸ್ಫೊಲಿಪಿಡ್ ಪರೀಕ್ಷೆಯನ್ನು ಮಾತ್ರ ಬಿಡಲೇಬಾರದು, ಏಕೆಂದರೆ ರಕ್ತ ಹೆಪ್ಪುಗಟ್ಟುವುದೇ ಕಾರಣವಾಗಿದ್ದರೆ ಚಿಕಿತ್ಸೆಯ ದಿಕ್ಕೇ ಬದಲಾಗುತ್ತದೆ. ಮಣಿಕಟ್ಟಿನ ದೊಡ್ಡ ನಾಳ ಮುಚ್ಚಿದೆಯೇ ಎಂಬುದು ರಕ್ತದ ಹರಿವನ್ನು ತೋರಿಸುವ ಡಾಪ್ಲರ್‌ನಲ್ಲಿ ತಿಳಿಯುತ್ತದೆ. ಸಾಮಾನ್ಯವಾಗಿ ಇಂಥ ಸ್ಥಿತಿಯಲ್ಲಿ ಒಳರೋಗಿಯಾಗಿ ಸೇರಿಸಿಕೊಂಡು ರಕ್ತನಾಳ ಹಿಗ್ಗಿಸುವ ಇಲೋಪ್ರಾಸ್ಟ್ ಡ್ರಿಪ್ಪನ್ನು ಕೆಲವು ದಿನ ಕೊಡುತ್ತೇವೆ. ಜೊತೆಗೆ ಅದೇ ಕೆಲಸ ಮಾಡುವ ನಿಫೆಡಿಪಿನ್ ಅಥವಾ ಸಿಲ್ಡೆನಾಫಿಲ್ ಮಾತ್ರೆ, ನೋವಿಗೆ ತಕ್ಕ ಔಷಧ, ಕೀವಿದ್ದರೆ ಆಂಟಿಬಯಾಟಿಕ್.

ಉತ್ತರ 2:
ಹನ್ನೊಂದು ವರ್ಷಗಳಿಂದ ಇದೇ ಕಾಯಿಲೆಯೊಂದಿಗಿದ್ದೇನೆ. ಕೈಗವಸು ಹಾಕಿದರೆ ಸಾಲದು, ಮೈಯೇ ಬೆಚ್ಚಗಿರಬೇಕು. ತಲೆನೋವಿಗೆಂದು ನಾನು ನುಂಗುತ್ತಿದ್ದ ಪ್ರೊಪ್ರನೊಲಾಲ್ ಬೆರಳಿನ ತೊಂದರೆಯನ್ನು ಹೆಚ್ಚಿಸುತ್ತಿತ್ತೆಂಬುದು ಬಹಳ ತಡವಾಗಿ ತಿಳಿಯಿತು. ತಾಯಿಯವರ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಿ.

ಪ್ರಶ್ನೆ ಕೇಳಿದವರು:
ನಿನ್ನೆಯೇ ಸೇರಿಸಿದೆವು, ಇಲೋಪ್ರಾಸ್ಟ್ ಆರಂಭವಾಗಿದೆ. ಬೊಸೆಂಟಾನ್ ಎಂಬ ಮಾತ್ರೆಯನ್ನೂ ಕೊಡುವ ಮಾತಿದೆ. ಬೆರಳ ತುದಿಯನ್ನು ಕತ್ತರಿಸಬೇಕಾಗುವುದೇ?

ಉತ್ತರ 1 ಬರೆದವರು:
ಬೊಸೆಂಟಾನ್ ಹೊಸ ಹುಣ್ಣುಗಳನ್ನು ಕಡಿಮೆ ಮಾಡುತ್ತದೆ, ಇರುವ ಹುಣ್ಣನ್ನು ಬೇಗ ಮಾಯಿಸುವುದಿಲ್ಲ. ಅದನ್ನು ತೆಗೆದುಕೊಳ್ಳುವಾಗ ತಿಂಗಳಿಗೊಮ್ಮೆ ಯಕೃತ್ತಿನ ಪರೀಕ್ಷೆ ಬೇಕು. ಸೋಂಕಿಲ್ಲದೆ ಒಣಗಿದ ಕಪ್ಪು ಭಾಗವನ್ನು ಕತ್ತರಿಸಲು ಅವಸರ ಮಾಡುವುದಿಲ್ಲ. ಅದು ಹಲವು ವಾರಗಳಲ್ಲಿ ತಾನಾಗಿ ಕಳಚಿಕೊಳ್ಳುವುದುಂಟು, ಹಾಗಾದಾಗ ಹೆಚ್ಚು ಬೆರಳು ಉಳಿಯುತ್ತದೆ.