ಇಂಟರ್ನ್‌ಗಳಿಗೆ ಹವಾಮಾನ ಬದಲಾವಣೆ ಮತ್ತು ಆರೋಗ್ಯದ ಪಾಠ: ನಿಮ್ಮ ಅನುಭವ ತಿಳಿಸಿ

ಪ್ರಶ್ನೆ: ಸಮುದಾಯ ವೈದ್ಯಶಾಸ್ತ್ರ ವಿಭಾಗದ ಬೋಧಕಿ

ನಮ್ಮ ಕಾಲೇಜಿನ ಇಂಟರ್ನ್‌ಗಳಿಗೆ ಹವಾಮಾನ ಬದಲಾವಣೆಯಿಂದ ಆರೋಗ್ಯದ ಮೇಲಾಗುವ ಪರಿಣಾಮಗಳ ಕುರಿತು ತರಬೇತಿ ರೂಪಿಸುವ ಹೊಣೆ ನನಗೆ ಬಂದಿದೆ. ಉಪನ್ಯಾಸ ಕೊಟ್ಟು ನೋಡಿದ್ದಾಗಿದೆ. ಜಾಗತಿಕ ತಾಪಮಾನದ ರೇಖಾಚಿತ್ರಗಳನ್ನು ಅವರು ಮರ್ಯಾದೆಯಿಂದ ನೋಡಿ, ಮರ್ಯಾದೆಯಿಂದಲೇ ಮರೆತುಬಿಡುತ್ತಾರೆ. ವೇಳಾಪಟ್ಟಿಯಲ್ಲಿ ಹೊಸ ಅವಧಿ ಸಿಗುವಂತಿಲ್ಲ, ಪ್ರತ್ಯೇಕ ಅನುದಾನವೂ ಇಲ್ಲ. ವಾರ್ಡಿನಲ್ಲಾಗಲಿ ಗ್ರಾಮೀಣ ಪೋಸ್ಟಿಂಗ್‌ನಲ್ಲಾಗಲಿ ನೀವು ಮಾಡಿ ನೋಡಿದ್ದರಲ್ಲಿ ಯಾವುದು ಉಪಯೋಗಕ್ಕೆ ಬಂತು ಎಂಬುದನ್ನು ತಿಳಿಸಬೇಕಾಗಿ ವಿನಂತಿ.

ಉತ್ತರ: ಜನರಲ್ ಮೆಡಿಸಿನ್ ಪ್ರಾಧ್ಯಾಪಕ, ಕಲಬುರಗಿ ಭಾಗ

ಮೇಡಂ, ಹೊಸ ಅವಧಿ ಕೇಳಲು ಹೋಗಬೇಡಿ. ಇರುವ ಕ್ಯಾಶುವಾಲ್ಟಿ ಡ್ಯೂಟಿಯೊಳಗೇ ಸೇರಿಸಿ. ನಮ್ಮ ಕಡೆ ಏಪ್ರಿಲ್-ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಗಿನ ಎಂಟಕ್ಕೇ ತೆರೆದು ಮಧ್ಯಾಹ್ನದ ಹೊತ್ತಿಗೆ ಮುಚ್ಚುತ್ತವೆ, ಆದರೆ ಕಟ್ಟಡ ಕೆಲಸದವರಿಗೂ ಹೊಲದ ಕೂಲಿಯವರಿಗೂ ಆ ಅನುಕೂಲವಿಲ್ಲ. ಅಂಥವರೊಬ್ಬರು ಮೇ ತಿಂಗಳಲ್ಲಿ ಜ್ವರ ಬಂದು, ತಡಬಡಿಸಿ ಮಾತನಾಡುತ್ತ ಬಂದಾಗ ಇಂಟರ್ನ್ ಮೊದಲು ಬರೆಯುವುದು ಮೆದುಳು ಮಲೇರಿಯಾ, ಮೆನಿಂಜೈಟಿಸ್, ಪಾರ್ಶ್ವವಾಯು. ನಂತರ ಸಿಟಿ ಸ್ಕ್ಯಾನಿಗೆ ಚೀಟಿ. ಅವುಗಳನ್ನು ಯೋಚಿಸುವುದು ತಪ್ಪಲ್ಲ, ಆದರೆ ಸ್ಕ್ಯಾನಿಗೆ ಕಾಯುವ ಅಷ್ಟೂ ಹೊತ್ತು ದೇಹದ ಉಷ್ಣತೆ ಇಳಿಸದೆ ಉಳಿಯುವುದೇ ಅಪಾಯ.

ಆದ್ದರಿಂದ ನಾವು ಮಾರ್ಚ್ ತಿಂಗಳಿನಲ್ಲೇ ಒಂದು ಅಣಕು ಅಭ್ಯಾಸ ಮಾಡಿಸುತ್ತೇವೆ. ಕಂಕುಳಿನಲ್ಲಿ ಇಟ್ಟ ಥರ್ಮಾಮೀಟರನ್ನು ನಂಬದೆ ಗುದದ್ವಾರದ ಉಷ್ಣತೆ ನೋಡಬೇಕು. ಅದು 40 ಡಿಗ್ರಿ ಸೆಲ್ಸಿಯಸ್ ದಾಟಿ, ಪ್ರಜ್ಞೆಯಲ್ಲಿ ಏರುಪೇರು ಇದ್ದರೆ, ಬೇರೆ ಕಾರಣ ಸಾಬೀತಾಗುವವರೆಗೆ ಅದನ್ನು ಹೀಟ್ ಸ್ಟ್ರೋಕ್ ಎಂದೇ ಭಾವಿಸಿ ತಂಪು ಮಾಡಲು ತೊಡಗಬೇಕು. ಬೆವರು ಇದೆ ಎಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ದುಡಿಯುತ್ತಿರುವಾಗ ಬಿದ್ದವರು ಬೆವರುತ್ತಲೇ ಬರಬಹುದು. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ. ಸೋಂಕಿನ ಜ್ವರದಲ್ಲಿ ಮೆದುಳೇ ಉಷ್ಣತೆಯ ಗುರಿಯನ್ನು ಏರಿಸಿರುತ್ತದೆ, ಇಲ್ಲಿ ಹಾಗಾಗಿರುವುದಿಲ್ಲ ಎಂಬುದನ್ನು ಅವರಿಂದಲೇ ಹೇಳಿಸುತ್ತೇವೆ. ಬಟ್ಟೆ ಸಡಿಲಿಸಿ, ಮೈಗೆ ನೀರು ಸಿಂಪಡಿಸಿ ಫ್ಯಾನ್ ಹಾಕುವುದು, ಕತ್ತು, ಕಂಕುಳು, ತೊಡೆಸಂದುಗಳಲ್ಲಿ ಮಂಜುಗಡ್ಡೆಯ ಪೊಟ್ಟಣ ಇಡುವುದು, ಸಾಧ್ಯವಾದರೆ ರೋಗಿಯನ್ನು ಟಾರ್ಪಾಲಿನ್ ಮೇಲೆ ಮಲಗಿಸಿ ನಾಲ್ವರು ಅದರ ಅಂಚು ಎತ್ತಿ ಹಿಡಿದು ಅದರಲ್ಲೇ ಐಸ್ ನೀರು ತುಂಬುವುದು, 39ರ ಹತ್ತಿರ ಬಂದಾಗ ನಿಲ್ಲಿಸುವುದು, ಎಲ್ಲವನ್ನೂ ಕೈಯಾರೆ ಮಾಡಬೇಕು. ದೊಡ್ಡಾಸ್ಪತ್ರೆಗೆ ಕಳುಹಿಸುವುದು ಆಮೇಲಿನ ಮಾತು.

ಕೇಸ್ ಶೀಟಿನಲ್ಲಿ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇವೆ: ಯಾವ ಹೊತ್ತಿನಲ್ಲಿ ಕೆಲಸ, ರಾತ್ರಿ ಮಲಗುವುದು ತಗಡಿನ ಛಾವಣಿಯ ಕೆಳಗೋ, ಬಿಸಿಲಿನ ಅಪಾಯ ಹೆಚ್ಚಿಸುವಂಥ, ಬಿಪಿಗೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಮನೋರೋಗದ ಔಷಧಿ ನಡೆದಿದೆಯೋ. ಕೆಲಸದ ಜಾಗದಲ್ಲಿ ಶೌಚಾಲಯವಿದೆಯೇ ಎಂದು ಕೇಳಿದಾಗ ಹೊರಬರುವ ಸಂಗತಿಗಳು ಪಠ್ಯದಲ್ಲಿಲ್ಲ. ಅದು ಇಲ್ಲದ ಕಡೆ ಹೆಣ್ಣುಮಕ್ಕಳು ದಿನವಿಡೀ ನೀರು ಕುಡಿಯುವುದನ್ನೇ ತಪ್ಪಿಸುತ್ತಾರೆ. ಇಷ್ಟು ಕೇಳಿದ ಇಂಟರ್ನ್‌ಗೆ ಹವಾಮಾನದ ಬಗ್ಗೆ ಬೇರೆ ಪೀಠಿಕೆ ಬೇಕಾಗುವುದಿಲ್ಲ.

ಉತ್ತರ: ತಾಲ್ಲೂಕು ಆಸ್ಪತ್ರೆಯ ವೈದ್ಯಾಧಿಕಾರಿ, ಮಲೆನಾಡು

ಮೇಲಿನದಕ್ಕೆ ನನ್ನ ಸಹಮತವಿದೆ, ಆದರೆ ಒಂದು ಎಚ್ಚರಿಕೆ: ಎಲ್ಲವನ್ನೂ ಹವಾಮಾನದ ಲೆಕ್ಕಕ್ಕೆ ಬರೆಯುವ ಅಭ್ಯಾಸವನ್ನು ಮಕ್ಕಳಿಗೆ ಹಚ್ಚಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ಹಿಂದೆ ರಕ್ತ ಹೀರುವ ಉಣುಗು, ಮಂಗ, ಕಾಡಿನ ಅಂಚಿನ ಸಾಗುವಳಿ, ದನಗಳ ಓಡಾಟ ಎಲ್ಲವೂ ಇವೆ. ನಾನು ಮಾಡಿಸುವುದು ಇಷ್ಟೇ: ಹೊರರೋಗಿ ವಿಭಾಗದ ರಿಜಿಸ್ಟರಿನಿಂದ ಡೆಂಗಿ, ಇಲಿ ಜ್ವರ, ಹಾವು ಕಡಿತದ ಪ್ರಕರಣಗಳನ್ನು ವಾರವಾರು ತೆಗೆದು, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಹಿತಿಯ ಪಕ್ಕದಲ್ಲಿ ಇಡುವುದು. ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಅವರೇ ವಾದಿಸಲಿ.

ಉತ್ತರ: ನಿವೃತ್ತ ಜಿಲ್ಲಾ ಆರೋಗ್ಯಾಧಿಕಾರಿ

ಯಾರೂ ಮರಣ ಪ್ರಮಾಣಪತ್ರದ ಮಾತು ಎತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಸಾವಿನ ಕಾರಣ ತಿಳಿಸುವ ನಮೂನೆ 4ನ್ನು ಅನೇಕ ಕಡೆ ತುಂಬುವುದು ಕಿರಿಯ ವೈದ್ಯರೇ. ಅವರು "ಹೃದಯ-ಶ್ವಾಸ ಸ್ತಂಭನ" ಎಂದು ಬರೆದು ಸಹಿಗೆ ಇಡುತ್ತಾರೆ. ಅದು ಸತ್ತ ರೀತಿಯೇ ಹೊರತು ಕಾರಣವಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಕುಸಿದವರ ಸಾವಿಗೆ ಬಿಸಿಲೇ ಮೂಲ ಎಂದು ವೈದ್ಯಕೀಯವಾಗಿ ಖಚಿತವಾದರೆ ಮೊದಲ ಭಾಗದ ಕೊನೆಯ ಸಾಲಿನಲ್ಲೂ, ಇದ್ದ ಹೃದ್ರೋಗವನ್ನು ಅದು ಉಲ್ಬಣಿಸಿದ್ದರೆ ಎರಡನೇ ಭಾಗದಲ್ಲೂ ಬರೆಯಲು ಜಾಗವಿದೆ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ 2009 ಮತ್ತು 2011ರ ಮೇ ತಿಂಗಳುಗಳ ಸರಾಸರಿಗಿಂತ 1,344 ಹೆಚ್ಚು ಸಾವುಗಳಾದದ್ದು ಗೊತ್ತಾದದ್ದು ಒಟ್ಟು ಸಾವುಗಳನ್ನು ಹೋಲಿಸಿ ನೋಡಿದಾಗ. ಆ ಪಾಠದಿಂದಲೇ ಅಲ್ಲಿ 2013ರಲ್ಲಿ ಶಾಖ ನಿರ್ವಹಣಾ ಯೋಜನೆ ಬಂತು. ಕೇಂದ್ರ ಸರ್ಕಾರದ ಹವಾಮಾನ ಬದಲಾವಣೆ ಮತ್ತು ಮಾನವ ಆರೋಗ್ಯ ಕಾರ್ಯಕ್ರಮ 2019ರಿಂದ ಇದೆ, ಆದರೆ ಅದಕ್ಕೆ ಹೋಗುವ ಅಂಕಿ ಹುಟ್ಟುವುದು ನಿಮ್ಮ ಇಂಟರ್ನ್‌ನ ಪೆನ್ನಿನಲ್ಲೇ.

ಉತ್ತರ: ಇತ್ತೀಚೆಗೆ ಇಂಟರ್ನ್‌ಶಿಪ್ ಮುಗಿಸಿದವರು

ನಮಸ್ಕಾರ ಮೇಡಂ. ನಮ್ಮ ಗ್ರಾಮೀಣ ಪೋಸ್ಟಿಂಗ್‌ನಲ್ಲಿ ಒಬ್ಬ ಆಶಾ ಅಕ್ಕನ ಜೊತೆ ಮನೆಭೇಟಿಗೆ ಹೋದಾಗ ಫ್ರಿಜ್ ಇಲ್ಲದ ಮಧುಮೇಹಿಗಳು ಇನ್ಸುಲಿನ್ ಎಲ್ಲಿ ಇಡುತ್ತಾರೆ ಎಂದು ನೋಡಿ ಬರೆಯುವ ಕೆಲಸ ಕೊಟ್ಟಿದ್ದರು. ಕಿಟಕಿಯ ಕಟ್ಟೆಯ ಮೇಲೆ, ಒಲೆಯ ಪಕ್ಕದ ಗೂಡಿನಲ್ಲಿ ಸೀಸೆಗಳು ಸಿಕ್ಕವು; ಒಬ್ಬ ಅಜ್ಜಿ ಮಾತ್ರ ಒದ್ದೆ ಮರಳಿನ ಮಣ್ಣಿನ ಕುಡಿಕೆಯೊಳಗೆ ಇಟ್ಟಿದ್ದರು. ಶಾಖಕ್ಕೆ ಇನ್ಸುಲಿನ್ ಕೆಡುತ್ತದೆ; ಬೇಸಿಗೆಯಲ್ಲಿ ಸಕ್ಕರೆ ಏಕೆ ಹತೋಟಿಗೆ ಬರುತ್ತಿಲ್ಲ ಎಂದು ಡೋಸ್ ಏರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಅದು ಎಂದು ಅಂದೇ ತಿಳಿಯಿತು. ಇನ್ನೊಂದು ಮಾತು: ಲಾಗ್‌ಬುಕ್ಕಿನಲ್ಲಿ ಸಹಿ ಬೀಳದ ಕೆಲಸವನ್ನು ಪಿಜಿ ಪ್ರವೇಶ ಪರೀಕ್ಷೆಯ ಒತ್ತಡದಲ್ಲಿರುವ ನಾವು ಯಾರೂ ಮಾಡುವುದಿಲ್ಲ. ಅದನ್ನು ಕಡ್ಡಾಯ ಮಾಡಿಬಿಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಟಾರ್ಪಾಲಿನ್ ಅಭ್ಯಾಸ, ನಮೂನೆ 4, ಇನ್ಸುಲಿನ್ ಮನೆಭೇಟಿ, ಈ ಮೂರನ್ನೂ ಲಾಗ್‌ಬುಕ್ಕಿಗೆ ಸೇರಿಸಲು ಪ್ರಾಂಶುಪಾಲರಿಗೆ ಬರೆಯುತ್ತಿದ್ದೇನೆ. ಮಳೆ ಮಾಹಿತಿಯ ಕೆಲಸಕ್ಕೆ ಹಳೆಯ ರಿಜಿಸ್ಟರುಗಳು ಸಿಗುತ್ತವೆಯೇ ನೋಡಬೇಕು. ಕಲಬುರಗಿಯ ಸರ್, ಐಸ್ ಮತ್ತು ಟಾರ್ಪಾಲಿನ್ ಖರೀದಿಯನ್ನು ನೀವು ಸಾದಿಲ್ವಾರು (ಸಣ್ಣಪುಟ್ಟ ಖರ್ಚಿನ) ವೆಚ್ಚದಲ್ಲಿ ತೋರಿಸಿದ್ದೀರೋ, ಬೇರೆ ಲೆಕ್ಕಶೀರ್ಷಿಕೆ ಇದೆಯೋ ದಯವಿಟ್ಟು ತಿಳಿಸಿ.